ಮೂರು ಬೆರಳಿನ ಗುರುತು

“ಅಯ್ಯೋ, ನನ್ನ ಶರ್ಟು!”

ವೆನಿಂಗ್ ಬೆಚ್ಚಿ ತಿರುಗಿದಳು. ಶಾಲೆ ಮುಗಿಸಿದ ಪ್ರಮಾಣಪತ್ರದ ಮೇಲೆ ಎಲ್ಲರಂತೆ ಅವಳೂ ಎಡಗೈಯ ಮೂರು ಬೆರಳೊತ್ತಿದ್ದಳು. ಶಾಯಿ ಒರೆಸಲು ಬಟ್ಟೆ ಹುಡುಕುತ್ತಾ ಹಿಂದೆ ಸರಿದಿದ್ದಳು. ಅಷ್ಟೇ... ಹಿಂದೆ ನಿಂತಿದ್ದವನ ಬಿಳಿ ಶರ್ಟಿನ ಎದೆಯ ಮೇಲೆ ಮೂರು ನೇರಳೆ ಗುರುತು!

“ಅಷ್ಟು ಅಂಟ್ಕೊಂಡು ನಿಂತ್ಕೊಳ್ಳಿ ಅಂತ ಯಾರು ಹೇಳಿದ್ರು ನಿಮಗೆ?”

“ತಂಗಿಗೆ ಅಂತ ಸಾಲಲ್ಲಿ ನಿಂತಿದ್ದೆ. ನೀವು ನನಗೂ ಮುದ್ರೆ ಒತ್ತಿ ಪಾಸು ಮಾಡಿಬಿಟ್ರಿ!”

ನಗು ಬಂತು. ತಡೆದುಕೊಂಡಳು.

ಅವನ ಹೆಸರು ಗಲಿಹ್. ಜೆಪಾರ ಪಟ್ಟಣದ ಹೊರಗಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಹಿರಿಯ ಹುಡುಗರನ್ನು ಕರೆಯುವಂತೆ ಅವಳು ಅವನನ್ನು ‘ಮಾಸ್’ ಎನ್ನತೊಡಗಿದಳು. ಮರುವಾರದಿಂದಲೇ ಅವಳ ಅಮ್ಮನ ಅಂಗಡಿಗೆ ಸೋಯಾ ಕಾಳಿನ ಕರಿದ ಟೆಂಪೆ ತಿನ್ನಲು ಬರತೊಡಗಿದ. ಟೆಂಪೆ ಊರೆಲ್ಲ ಸಿಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಸೆಮರಾಂಗಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿರುವುದನ್ನು ಅವಳು ಹೇಳಿದ್ದು ಅವನೊಬ್ಬನಿಗೇ. ಅಮ್ಮನಿಗೆ ಸಿಗಲಿಲ್ಲ ಎಂದಿದ್ದಳು. ಅಮ್ಮನ ಬಲಭುಜ ಸೋತಿತ್ತು. ತಾನು ದುಡಿದರೆ ಅಮ್ಮ ಅಂಗಡಿಯ ದೊಡ್ಡ ಬಾಣಲೆಯನ್ನು ಒಲೆಯಿಂದ ಇಳಿಸಿಯೇ ಬಿಡಬಹುದು.

“ನಿಮ್ಮ ಕಾರ್ಖಾನೆಗೇ ಸೇರ್ತೀನಿ, ಮಾಸ್. ದಿನಾ ನಿಮ್ಮ ಮುಖ ನೋಡೋ ಕರ್ಮ!”

ಅವನು ನಗಲಿಲ್ಲ. ಯಾಕೆ?

ಸೋಮವಾರ ಕಾರ್ಖಾನೆಯ ಗೇಟಿನ ಬಳಿ ಗುಮಾಸ್ತ ಕೈ ಚಾಚಿದ. “ಪ್ರಮಾಣಪತ್ರ ಕೊಡಮ್ಮ. ಎರಡು ವರ್ಷ ನಮ್ಮ ಬೀರುವಲ್ಲಿರುತ್ತೆ. ಕೆಲಸ ಬಿಟ್ಟು ಓಡಬಾರದಲ್ಲ!”

ಎಲ್ಲ ಹುಡುಗಿಯರೂ ಕೊಡುತ್ತಿದ್ದರು. ವೆನಿಂಗ್ ಕೂಡ ಚಾಚಿದಳು...

ಪಕ್ಕದಿಂದ ಒಂದು ಕೈ ಬಂದು ಅದನ್ನು ಕಿತ್ತುಕೊಂಡಿತು. ಗಲಿಹ್! ಅವಳು ಕೂಗುವಷ್ಟರಲ್ಲಿ ಅವನ ಬೈಕು ರಸ್ತೆಗಿಳಿದಿತ್ತು.

“ನಾಳೆ ಸಂಜೆಯೊಳಗೆ ತಂದ್ರೆ ಕೆಲಸ. ಇಲ್ಲದಿದ್ರೆ ಇಲ್ಲ,” ಎಂದ ಗುಮಾಸ್ತ. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು.

‘ನಾನಿಲ್ಲಿಗೆ ಬರೋದೇ ಇವನಿಗೆ ಬೇಡ. ಒಳಗೆ ಬೇರೆ ಯಾರೋ ಇದ್ದಾಳೆ...’ ಅವಳು ಬರಿಗೈಯಲ್ಲಿ ಮನೆಗೆ ನಡೆದಳು.

ಸಂಜೆ ಅವನೇ ಅಂಗಡಿಗೆ ಬಂದು ಪ್ರಮಾಣಪತ್ರ ಮೇಜಿನ ಮೇಲಿಟ್ಟ.

“ಕಿತ್ಕೊಂಡಿದ್ದು ತಪ್ಪು. ತಗೋ.”

“ಒಳಗೆ ಯಾರಿದ್ದಾಳೆ, ಮಾಸ್?”

“ಯಾರೂ ಇಲ್ಲ. ನನ್ನ ಪ್ರಮಾಣಪತ್ರ ಇದೆ, ಬೀಗದೊಳಗೆ. ನನಗೂ ಸೀಟು ಸಿಕ್ಕಿತ್ತು, ಕೆಲಸಕ್ಕೆ ಸೇರಿದ ಮೇಲೆ. ಕೊಡಲಿಲ್ಲ. ಆಮೇಲೆ ಕೇಳೋದನ್ನೇ ಬಿಟ್ಟೆ, ಎರಡು ವರ್ಷ ಮುಗಿದ ಮೇಲೂ.”

ಬಾಣಲೆಯ ಮುಂದಿದ್ದ ಅಮ್ಮನ ಜಾಲರಿ ಸೌಟು ನಿಂತಿತು. “ನನಗೂ ಅಂದ್ರೆ? ಇವಳಿಗೆ ಸಿಕ್ಕಿದೆಯಾ?”

ವೆನಿಂಗ್ ತಲೆ ತಗ್ಗಿಸಿದಳು.

“ನನ್ನ ಭುಜದ ನೋವಿಗೋಸ್ಕರ ಸುಳ್ಳು ಹೇಳಿದ್ಯಾ? ಸಣ್ಣ ಬಾಣಲೆ ಇಟ್ಕೋತೀನಿ. ಮುಗೀತು! ಹೋಗು ಓದೋಕೆ.”

“ಹೌದು, ನೀನು ಹೋಗಲೇಬೇಕು,” ಎಂದ ಗಲಿಹ್.

“ಇಬ್ಬರೂ ಸುಮ್ಮನಿರಿ!” ವೆನಿಂಗ್ ಎದ್ದು ನಿಂತಳು. “ತೀರ್ಮಾನ ನನ್ನದು.”

ಮರುದಿನ ಒಬ್ಬಳೇ ಗೇಟಿಗೆ ಹೋದಳು. “ಮಧ್ಯದಲ್ಲಿ ಬೇಕಾದ್ರೆ ವಾಪಸ್ ಕೊಡ್ತೀರಾ?”

“ಯಾಕೆ, ಮದುವೇನಾ?” ಎಂದ ಗುಮಾಸ್ತ.

“ಓದೋಕೆ.”

ಅವನು ಹೊಟ್ಟೆ ಹಿಡಿದು ನಕ್ಕ. ಅವನ ಹಿಂದೆ ಕಬ್ಬಿಣದ ಬೀರು ಕಾಣುತ್ತಿತ್ತು. ವೆನಿಂಗ್ ಕೆಲಸಕ್ಕೆ ಹೆದರಿದವಳಲ್ಲ. ಆದರೆ ತನ್ನ ಬೆರಳೊತ್ತಿದ ಕಾಗದವನ್ನು ಆ ಬೀರುವಿಗೆ ಹಾಕಲು ಅವಳಿಂದಾಗದು. ಈಗ ಅದು ಖಚಿತವಾಗಿತ್ತು. ಚೀಲದ ಜಿಪ್ ಎಳೆದು ಹೊರಬಂದಳು.

ಟೀ ಅಂಗಡಿಯ ಮುಂದೆ ಗಲಿಹ್ ನಿಂತಿದ್ದ.

“ಸೆಮರಾಂಗಿಗೆ ಹೋಗ್ತೀನಿ. ನೀವು ಹೇಳಿದ್ರಿ ಅಂತಲ್ಲ.”

“ಸರಿ.”

“ನಿನ್ನೆ ಕಿತ್ಕೊಂಡಿದ್ದು ಯಾಕೆ? ಪೂರ್ತಿ ನಿಜ ಹೇಳಿ.”

ಅವನು ಟೀ ಲೋಟ ಕೆಳಗಿಟ್ಟ. “ನೀನು ಒಳಗೆ ಬಂದಿದ್ರೆ ನನಗೆ ತುಂಬಾ ಖುಷಿಯಾಗ್ತಿತ್ತು, ವೆನಿಂಗ್. ದಿನಾ ನೋಡ್ಬಹುದು ಅಂತ. ಆ ಖುಷಿ ನೋಡಿ ನನಗೇ ಭಯ ಆಯ್ತು... ನಿನ್ನನ್ನ ಪ್ರೀತಿಸ್ತೀನಿ.”

ಅವಳ ಕಣ್ಣು ತುಂಬಿತು. ದನಿ ಮಾತ್ರ ಗಟ್ಟಿಯಾಗಿಯೇ ಇತ್ತು. “ನಿಮ್ಮ ಎರಡು ವರ್ಷ ಮುಗಿದಿದೆ ತಾನೇ? ಹೋಗಿ ಕೇಳಿ. ಈಗಲೇ. ನಾನಿಲ್ಲೇ ನಿಂತಿರ್ತೀನಿ.”

“ಕೊಡದಿದ್ರೆ?”

“ನಾಳೆ ಮತ್ತೆ ಕೇಳಿ. ಬಾಯಿಲ್ವಾ? ನನಗೂ ನೀವು ಬೇಕು, ಮಾಸ್. ಆದ್ರೆ ಸೆಮರಾಂಗಲ್ಲಿ.”

ಅವನು ಜಾಕೆಟ್ ಕಳಚಿ ಅವಳ ಕೈಗಿತ್ತ. ಒಳಗೆ ಅದೇ ಬಿಳಿ ಶರ್ಟು... ಎದೆಯ ಮೇಲೆ ಮೂರು ನೇರಳೆ ಗುರುತು.

“ಇನ್ನೂ ಹೋಗಿಲ್ವಾ? ಎಷ್ಟು ಸಲ ಉಜ್ಜಿದ್ರಿ?”

“ಒಂದ್ಸಲಾನೂ ಇಲ್ಲ,” ಎಂದು ಗಲಿಹ್ ಗೇಟಿನತ್ತ ನಡೆದ.