ಹೊಗೆಮನೆಯ ಹೊಸ್ತಿಲು

ಒಳಗೆ ಎಷ್ಟು ಬೇಕಾದರೂ ಮಾತಾಡಿ, ಹೊರಗೆ ಬರುವಾಗ ಮಾತ್ರ ಬಾಯಿ ಮುಚ್ಚಿಕೊಂಡು ಬನ್ನಿ ಎಂದು ಆ ಹಳೆಯ ಮನೆಯನ್ನು ನೋಡಿಕೊಳ್ಳುವ ಗುನ್ವೋರ್ ಹೇಳಿದಾಗ ಸುದರ್ಶನ್ ನಕ್ಕುಬಿಟ್ಟ. ಮುದುಕಿ ನಗಲಿಲ್ಲ. ಬೀಗದಕೈಯನ್ನು ಅವನ ಅಂಗೈಗೆ ಹಾಕಿ, ಗೇಟಿನ ಆಚೆಗೇ ಉಳಿದು, ಆ ಮನೆಗೆ ಬೆನ್ನು ಮಾಡಿ ನಿಂತಳು.

"ಮತ್ತೆ ಬರ್ತೀವಿ ಅಂತ ಆ ಹೊಸ್ತಿಲ ಮೇಲೆ ಹೇಳಬೇಡಿ," ಎಂದಳು ಮುರುಕಲು ಇಂಗ್ಲಿಷಿನಲ್ಲಿ. "ಯಾವ ಭಾಷೆಯಲ್ಲೂ ಬೇಡ."

ಸುದರ್ಶನ್ ಹೆಂಡತಿಯ ಕಡೆ ತಿರುಗಿ, ಬಾನಾಮತಿ ಬಿಟ್ಟು ಇಷ್ಟು ದೂರ ಬಂದರೆ ಇಲ್ಲೂ ಅದೇ ಕತೆ ನೋಡು ಎಂದ. ಅನುರಾಧಾ ಮಗಳ ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದಳು. ಸ್ಟಾಕ್‌ಹೋಮ್ ಬಳಿಯ ಫ್ಲೆಮಿಂಗ್ಸ್‌ಬೆರ್ಯ್‌ನ ಪ್ರಯೋಗಾಲಯದಲ್ಲಿ ರಕ್ತದ ಮಾದರಿಗಳ ನಡುವೆ ದಿನ ಕಳೆಯುವ ಹೆಂಗಸು ಅವಳು. ಆದರೂ ಅಮಾವಾಸ್ಯೆಯ ದಿನ ತಲೆಗೂದಲು ಕತ್ತರಿಸಿದವಳಲ್ಲ. ಈ ವಿಷಯಕ್ಕೆ ಗಂಡ ಅವಳನ್ನು ಗೇಲಿ ಮಾಡದ ವಾರವೇ ಇರಲಿಲ್ಲ.

ಅವರು ಪಶ್ಚಿಮ ಸ್ವೀಡನ್ನಿನ ವೆರ್ಮ್‌ಲಾಂಡಿನ ಈ ಕಾಡಿಗೆ ಬಂದದ್ದು ಸುದರ್ಶನನ ಕೆಲಸದ ಮೇಲೆ. ಸ್ಟಾಕ್‌ಹೋಮಿನ ಒಂದು ಕಂಪ್ಯೂಟರ್ ಗೇಮ್ ಕಂಪನಿಯಲ್ಲಿ ಅವನು ಹಳೆಯ ಕಟ್ಟಡಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಮತ್ತೆ ಎಬ್ಬಿಸುತ್ತಿದ್ದ. ಹೊಸ ಗೇಮ್ ಅಮೆರಿಕದ ಮೊದಲ ವಸಾಹತುಗಳದ್ದು. ಅಲ್ಲಿಗೆ ಹೋದವರು ಇಂಗ್ಲಿಷರು, ಡಚ್ಚರು ಎಂದಷ್ಟೇ ಶಾಲೆಯಲ್ಲಿ ಓದಿದ್ದವನಿಗೆ ಸ್ವೀಡನ್ನಿನವರೂ ಹಡಗು ಕಳಿಸಿದ್ದರೆಂದು ಗೊತ್ತಾದದ್ದೇ ಈ ವರ್ಷ. ೧೬೩೮ರಲ್ಲಿ ಡೆಲವೇರ್ ನದಿಯ ದಡದಲ್ಲಿ ಕೋಟೆ ಕಟ್ಟಿ, ಇನ್ನೂ ಹುಡುಗಿಯಾಗಿದ್ದ ತಮ್ಮ ರಾಣಿ ಕ್ರಿಸ್ಟಿನಾಳ ಹೆಸರಿಟ್ಟು, ಆ ಸೀಮೆಯನ್ನೇ ಹೊಸ ಸ್ವೀಡನ್ ಎಂದು ಕರೆದರು. ನೆಲ ಅಲ್ಲಿನ ಮೂಲನಿವಾಸಿ ಲೆನಾಪೆ ಜನರದ್ದು, ಹೆಸರು ಮಾತ್ರ ಇವರದ್ದು. ಸ್ವಂತ ಇಷ್ಟದಿಂದ ಅಷ್ಟು ದೂರ ಹೋಗುವವರು ಸಾಕಷ್ಟು ಸಿಗದಿದ್ದಾಗ ಸರ್ಕಾರದ ಕಣ್ಣು ಬಿದ್ದದ್ದು ಫಿನ್‌ಲೆಂಡಿನಿಂದ ಬಂದು ವೆರ್ಮ್‌ಲಾಂಡಿನಲ್ಲಿ ನೆಲೆಸಿದ್ದ ಫಿನ್ನರ ಮೇಲೆ. ಕಾಡು ಸುಟ್ಟು, ಆ ಬೂದಿಯಲ್ಲಿ ರೈ ಧಾನ್ಯ ಬೆಳೆಯುತ್ತಿದ್ದ ಬಡವರು ಅವರು. ಕಾಡು ಸುಟ್ಟದ್ದೇ ಅಪರಾಧವಾಯಿತು, ಹಡಗೇ ಶಿಕ್ಷೆಯಾಯಿತು. ಹದಿನೇಳು ವರ್ಷವಾಗುವಷ್ಟರಲ್ಲಿ ಡಚ್ಚರು ಬಂದು ಕೋಟೆ ಕಿತ್ತುಕೊಂಡರು. ಹೋದವರು ಅಲ್ಲೇ ಉಳಿದರು. ಅವರು ಅಲ್ಲಿ ಕಟ್ಟಿದಂಥ ಮರದ ದಿಮ್ಮಿಗಳ ಮನೆಯೊಂದು ಸುದರ್ಶನನಿಗೆ ಬೇಕಿತ್ತು.

ಇಲ್ಲಿ ಅಂಥದ್ದೇ ಒಂದು ನಿಂತಿತ್ತು. ಹೊಗೆಕೊಳವೆ ಇಲ್ಲದ ಮನೆ. ಕಲ್ಲಿನ ದೊಡ್ಡ ಒಲೆಯ ಹೊಗೆ ತಲೆಯ ಮೇಲೆ ತೇಲಿ ತೇಲಿ, ಎದೆಮಟ್ಟದಿಂದ ಮೇಲಿನ ಗೋಡೆಯೆಲ್ಲ ಇದ್ದಿಲಾಗಿತ್ತು. ಬೆಂಕಿ ಕಂಡು ನೂರಾರು ವರ್ಷವಾಗಿದ್ದರೂ ಒಳಗೆ ಹಸಿ ಹೊಗೆಯ ವಾಸನೆ ಇತ್ತು. ಸುದರ್ಶನ್ ಕ್ಯಾಮೆರಾ ನಿಲ್ಲಿಸಿ ಮೂಲೆ ಮೂಲೆಯನ್ನೂ ಸ್ಕ್ಯಾನ್ ಮಾಡಿದ. ಐದು ವರ್ಷದ ಇರಾ ಒಲೆಯ ಮುಂದೆ ಕೂತು ಕಲ್ಲುಗಳನ್ನು ಜೋಡಿಸುತ್ತಾ ತನ್ನಷ್ಟಕ್ಕೆ ಸ್ವೀಡಿಷಿನಲ್ಲಿ ಹಾಡಿಕೊಳ್ಳುತ್ತಿದ್ದಳು.

ಕೆಲಸ ಮುಗಿಯಿತು. ಅನುರಾಧಾ ತುಟಿ ಬಿಚ್ಚದೆ ಹೊರಗೆ ಹೋದಳು. ಸುದರ್ಶನನಿಗೆ ಅದನ್ನು ನೋಡಿಯೇ ಕೆಣಕುವ ಹುಕಿ ಬಂತು. ಮಗಳ ಬಾಯಲ್ಲಿ ಕನ್ನಡ ಉಳಿದಿದ್ದರೆ ನಾಲ್ಕೇ ಮಾತು, ಅದರಲ್ಲಿ ಒಂದನ್ನು ಅವನು ಪಟ್ಟು ಹಿಡಿದು ಕಲಿಸಿದ್ದ: ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಅನ್ನಬಾರದು, ಅದು ಅಶುಭ. ದೇವರು ದೆವ್ವ ಒಂದನ್ನೂ ನಂಬದ ಗಂಡಸಿಗೆ ಈ ಒಂದು ಶಾಸ್ತ್ರ ಮಾತ್ರ ಸಂಸ್ಕಾರದಂತೆ ಕಾಣುತ್ತಿತ್ತು. ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿ, ಮಗಳನ್ನು ಹೊಸ್ತಿಲ ಮೇಲೆ ನಿಲ್ಲಿಸಿದ.

"ಮನೆಗೆ ಏನಂತ ಹೇಳ್ಬೇಕು, ಪುಟ್ಟಿ?"

"ಹೋಗಿ ಬರ್ತೀನಿ," ಎಂದಳು ಇರಾ ರಾಗವಾಗಿ.

ಅನುರಾಧಾ ಓಡಿ ಬಂದು ಮಗುವಿನ ಬಾಯಿ ಮುಚ್ಚಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಳಗೆ, ಆರಿದ ಒಲೆಯ ಹತ್ತಿರ, ಒಂದು ಕಲ್ಲು ತಾನಾಗಿ ಜರುಗಿದ ಸದ್ದಾಯಿತು. ಗೇಟಿನ ಬಳಿ ಗುನ್ವೋರ್ ಬೀಗದಕೈ ಇಸಿದುಕೊಳ್ಳುವಾಗ ಮಗುವಿನ ಮುಖವನ್ನೇ ದಿಟ್ಟಿಸಿದಳು. ನೆಲಕ್ಕೆ ಉಗಿದು ಹೊರಟುಹೋದಳು.

ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬೆರ್ಯ್‌ನ ಬಾಡಿಗೆ ಫ್ಲಾಟಿಗೆ ಮರಳಿದ ಮೇಲೆ ಮೊದಲು ಬಂದದ್ದು ವಾಸನೆ. ಇರಾಳ ಕೂದಲಲ್ಲಿ ಹಸಿ ಹೊಗೆ. ಎಷ್ಟು ಸಲ ತಲೆಗೆ ನೀರು ಹಾಕಿದರೂ ನೀರು ಕಪ್ಪಾಗಿಯೇ ಹರಿಯಿತು. ಆಮೇಲೆ ಅವಳು ಊಟ ಬಿಟ್ಟಳು. ಬೂಟು ಹಾಕಿಕೊಂಡು ಬಾಗಿಲಿಗೆ ಮುಖ ಮಾಡಿ ನಿಲ್ಲತೊಡಗಿದಳು. ಎಲ್ಲಿಗೆ ಎಂದರೆ ಕನ್ನಡದಲ್ಲಿ, ಅವಳಿಗೆ ಯಾರೂ ಕಲಿಸದ ತೊದಲಿಲ್ಲದ ಕನ್ನಡದಲ್ಲಿ, "ಕಾಯ್ತಾ ಇದಾರೆ," ಅನ್ನುತ್ತಿದ್ದಳು. ಒಂದು ದಿನ ದಗೀಸ್ ಎಂಬ ಶಿಶುವಿಹಾರದಿಂದ ಟೀಚರ್ ಫೋನ್ ಮಾಡಿ ಅತ್ತರು: ಮಕ್ಕಳನ್ನು ಪಾರ್ಕಿಗೆ ಕರೆದೊಯ್ದಿದ್ದಾಗ ಇರಾ ತಪ್ಪಿಸಿಕೊಂಡಿದ್ದಳು, ರೈಲು ಹಳಿಯ ಪಕ್ಕ ಪಶ್ಚಿಮಕ್ಕೆ ನಡೆದು ಹೋಗುತ್ತಿರುವಾಗ ಸಿಕ್ಕಳು, ಹಿಡಿದವರ ಕೈಯನ್ನು ಕಚ್ಚಿದಳು.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲವೆಂದರು. ಅನುರಾಧಾ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕಾದ ಹೆಂಚಿಗೆ ಹಾಕಿದಳು. ಮೆಣಸಿನಕಾಯಿ ಕಪ್ಪಾಗಿ ಸುಟ್ಟುಹೋಯಿತು, ಘಾಟಿಲ್ಲ, ಸೀನಿಲ್ಲ. ಒಂದು ದೋಸೆ ಸೀದರೆ ಬಡಿದುಕೊಳ್ಳುವ ಫ್ಲಾಟಿನ ಹೊಗೆಯ ಅಲಾರಾಂ ಅಂದು ಬಾಯೇ ಬಿಡಲಿಲ್ಲ. ಸುದರ್ಶನನ ನಗು ಅಲ್ಲಿಗೆ ಮುಗಿಯಿತು.

ಅವನು ಗುನ್ವೋರ್‌ಗೆ ಫೋನ್ ಮಾಡಿದ. ಅವಳು ಬೈಯಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಆ ಮನೆಯ ಫಿನ್ ಗಂಡಸನ್ನು ಸೈನಿಕರು ಹಡಗಿಗೆ ಎಳೆದೊಯ್ದಾಗ, ಹೊಸ್ತಿಲ ಮೇಲೆ ನಿಂತು ಬಂದೇ ಬರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದನಂತೆ. ಎಷ್ಟೋ ವರ್ಷಗಳ ನಂತರ ತಿರುಗಿ ಬಂದ ನಾವಿಕನೊಬ್ಬ ಸುದ್ದಿ ತಂದ: ನಿನ್ನ ಗಂಡ ಆ ನದಿಯ ದಡದಲ್ಲಿ ಇಂಥದ್ದೇ ಮನೆ ಕಟ್ಟಿದ್ದಾನೆ, ಅಲ್ಲಿ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಅವಳಿಗೆ ಮಂತ್ರ ಗೊತ್ತಿತ್ತು. ಬೂದಿ, ರೈ, ತನ್ನದೇ ಕೂದಲು ಸೇರಿಸಿ ಹೊಸ್ತಿಲ ಕೆಳಗೆ ಹೂತಳು. ಇಲ್ಲಿ ಬರುತ್ತೇನೆ ಎಂದವರು ಎಲ್ಲ ಬಿಟ್ಟು ಬರಲಿ ಎಂದಳು. ಬಂದವರು ಆ ಒಲೆಯ ಮುಂದೆ ಕೂರುತ್ತಾರೆ, ಎಬ್ಬಿಸಿದರೂ ಏಳುವುದಿಲ್ಲ, ಉಸಿರು ನಿಂತ ಮೇಲೇ ಅವರನ್ನು ಎತ್ತಬೇಕು.

ಬಿಡಿಸುವ ದಾರಿ ಇದೆಯೇ ಎಂದು ಅವನು ಗೋಗರೆದ.

"ಮಗುವಿಗೆ ಜೀವದಂತಿರುವ ಒಬ್ಬರು ಒಳಗೆ ನಿಂತು, ಹೊರಗಿರುವ ಮಗುವಿಗೆ ಬರಬೇಡ ಅನ್ನಬೇಕು. ಮಗು ಮಾತು ಕೊಟ್ಟ ಅದೇ ಭಾಷೆಯಲ್ಲಿ. ಮನಸ್ಸಿನಿಂದ. ನನ್ನ ತಮ್ಮನಿಗೆ ನಮ್ಮ ತಾಯಿ ಹೇಳಿದಳು. ತಮ್ಮ ಬದುಕಿದ. ತಾಯಿ ಸತ್ತಾಗಲೂ ಅವನಿಗೆ ಅವಳ ಹತ್ತಿರ ಬರೋಕೆ ಆಗಲಿಲ್ಲ."

ಗಂಡ ಹೆಂಡತಿ ಅದರ ಬಗ್ಗೆ ಜಗಳವಾಡಲಿಲ್ಲ. ಹೇಳಿಸಿದವನು ನಾನು, ನಾನೇ ಹೇಳುತ್ತೇನೆ ಎಂದ ಸುದರ್ಶನ್. ಅನುರಾಧಾ ಇಲ್ಲ ಅನ್ನಲಿಲ್ಲ. ಅವಳು ಇಲ್ಲ ಅನ್ನಲಿ ಎಂದು ಅವನ ಮನಸ್ಸಿನ ಒಂದು ಮೂಲೆ ಕಾದಿತ್ತು. ಅದಕ್ಕೆ ಅವನಿಗೆ ನಾಚಿಕೆಯಾಯಿತು.

ನವೆಂಬರಿನ ಮಧ್ಯಾಹ್ನ. ಮೂರೂವರೆಗೇ ಕಾಡು ಕಪ್ಪಾಗಿತ್ತು. ಗುನ್ವೋರ್ ಬೀಗ ತೆಗೆದು ಸರಿದಳು. ದಾರಿಯುದ್ದಕ್ಕೂ ಕಾರಿನ ಬಾಗಿಲು ಗೀರುತ್ತಿದ್ದ ಇರಾ ಆ ಮನೆ ಕಂಡದ್ದೇ ಸುಮ್ಮನಾದಳು. ಅನುರಾಧಾ ಅವಳನ್ನು ಗೇಟಿನ ಹತ್ತಿರ ಎರಡೂ ಕೈಯಿಂದ ಅಪ್ಪಿ ಹಿಡಿದಳು. ಸುದರ್ಶನ್ ಒಳಗೆ ಹೋದ.

ಒಲೆ ಬೆಚ್ಚಗಿತ್ತು.

ಬೆಂಕಿ ಇರಲಿಲ್ಲ. ಬೆಳಕಿರಲಿಲ್ಲ. ಆದರೂ ಬೆಚ್ಚಗಿತ್ತು. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಇಳಿಯಿತು. ಬೆನ್ನ ಹಿಂದೆ ಯಾರೋ ಕೂತಿದ್ದರು. ಉಸಿರು ಕೇಳುತ್ತಿತ್ತು. ನಿಧಾನ. ಬಹಳ ಕಾಲ ಕಾದವರ ಉಸಿರು. ಅವನು ತಿರುಗಲಿಲ್ಲ.

ಹೊರಗೆ ಅನುರಾಧಾ ಕೂಗಿಕೊಂಡಳು. ಮಗು ಕೈ ತಪ್ಪಿಸಿಕೊಂಡಿತ್ತು. ಸಣ್ಣ ಬೂಟುಗಳ ಸದ್ದು. ಒಣ ಎಲೆ. ಓಟ. ಇರಾ ಓಡಿ ಬರುತ್ತಿದ್ದಳು. ಎರಡೂ ಕೈ ಚಾಚಿಕೊಂಡು. ದಗೀಸ್‌ನಿಂದ ಕರೆತರಲು ಹೋದಾಗ ಅವನ ಕಡೆಗೆ ಹೀಗೇ ಓಡಿ ಬರುತ್ತಿದ್ದಳು.

"ಬರಬೇಡ, ಪುಟ್ಟಿ," ಎಂದ. ದನಿ ಮೆತ್ತಗಿತ್ತು. ಮಗು ನಿಲ್ಲಲಿಲ್ಲ.

ಬೆನ್ನ ಹಿಂದೆ ಯಾರೋ ಎದ್ದರು. ಮಸಿಯ ಬೆರಳುಗಳು ಅವನ ಕತ್ತಿನ ಪಕ್ಕದಿಂದ ಮುಂದಕ್ಕೆ ಚಾಚಿದವು. ಬಾಗಿಲ ಕಡೆಗೆ. ಮಗುವಿನ ಕಡೆಗೆ. ಹೊಸ್ತಿಲಿಗೆ ಇನ್ನು ಮೂರೇ ಹೆಜ್ಜೆ. ಮನಸ್ಸಿನಿಂದ ಹೇಳಬೇಕು. ಹೇಗೆ ಹೇಳುವುದು? ಅವನು ಮಗಳ ಮುಖ ನೋಡಿದ. ತನ್ನದೇ ಮೂಗು. ಅನುರಾಧಾಳ ಕಣ್ಣು. ಮಗಳು ಈ ಒಲೆಯ ಮುಂದೆ ತಣ್ಣಗಾಗಿ ಕೂತಿರುವುದು ಕಣ್ಣಿಗೆ ಕಟ್ಟಿತು. ಆಗ ಮಾತು ಹೊಟ್ಟೆಯಿಂದ ಬಂತು.

"ಬರಬೇಡ! ಇನ್ಯಾವತ್ತೂ ನನ್ನ ಹತ್ರ ಬರಬೇಡ!"

ಇರಾ ನಿಂತಳು. ಗೋಡೆಗೆ ಹಾಯ್ದಂತೆ ನಿಂತಳು. ಚಾಚಿದ ಕೈ ಇಳಿಯಿತು. ಅವನನ್ನೇ ನೋಡಿದಳು, ಬಸ್ಸಿನಲ್ಲಿ ಎದುರು ಕೂತವರನ್ನು ನೋಡುವ ಹಾಗೆ. ತಿರುಗಿ ಅಮ್ಮನ ಕಡೆ ನಡೆದುಹೋದಳು. ಅವನ ಕತ್ತಿನ ಪಕ್ಕದ ಬೆರಳುಗಳು ಮೆಲ್ಲಗೆ ಹಿಂದಕ್ಕೆ ಸರಿದವು. ಒಲೆ ತಣ್ಣಗಾಯಿತು.

ವಾಪಸು ಹೊರಡುವಾಗ ಅವನು ಕಾರು ಹತ್ತಿದೊಡನೆ ಮಗುವಿನ ತುಟಿ ನೀಲಿಗಟ್ಟಿತು. ಅವನು ಇಳಿದ. ಬಣ್ಣ ಮರಳಿತು. ಮತ್ತೆ ಹತ್ತಿದ. ಮತ್ತೆ ನೀಲಿ. ಮೂರನೇ ಸಲ ಅನುರಾಧಾ ಒಳಗಿನಿಂದ ಲಾಕ್ ಹಾಕಿದಳು. ಅವರು ಹೊರಟುಹೋದರು. ಅವನು ಬಸ್ಸು ಹುಡುಕಿಕೊಂಡು ಕತ್ತಲಲ್ಲಿ ನಡೆದ.

ಮೊದಲು ಇರಾ ಅಮ್ಮನ ಜೊತೆ ಸ್ಟಾಕ್‌ಹೋಮಿನಲ್ಲೇ ಇನ್ನೊಂದು ಮನೆಯಲ್ಲಿದ್ದಳು. ಜ್ವರ ಬಿಡಲಿಲ್ಲ. ಕೊನೆಗೆ ಅನುರಾಧಾ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ದೇಶದ ದಕ್ಷಿಣ ತುದಿಯ ಮಾಲ್ಮೋಗೆ ಹೋದಳು. ಅಲ್ಲಿ ಇರಾ ತಿನ್ನುತ್ತಾಳೆ, ನಗುತ್ತಾಳೆ, ಸೈಕಲ್ ಕಲಿತಿದ್ದಾಳೆ. ಅಪ್ಪ ಎಲ್ಲಿ ಎಂದು ಕೇಳುವುದಿಲ್ಲವಂತೆ. ಫೋನಿನಲ್ಲಿ ಅವನ ದನಿ ಕೇಳಿದರೆ ಮೂಗಿನಿಂದ ರಕ್ತ ಬರುತ್ತದೆ, ಹಾಗಾಗಿ ಅವನು ದನಿ ಕೇಳಿಸುವುದಿಲ್ಲ.

ವಸಂತದಲ್ಲಿ, ಮಗಳ ಹುಟ್ಟುಹಬ್ಬದ ದಿನ, ತಡೆಯಲಾರದೆ ಸುದರ್ಶನ್ ಯಾರಿಗೂ ಹೇಳದೆ ರೈಲು ಹತ್ತಿದ. ಹತ್ತಿರ ಹೋಗುವುದು ಬೇಡ, ರಸ್ತೆಯ ಆಚೆ ನಿಂತು ಒಂದು ಸಲ ನೋಡಿದರೆ ಸಾಕು ಅಂದುಕೊಂಡಿದ್ದ. ಲುಂಡ್ ನಿಲ್ದಾಣದಲ್ಲಿ ರೈಲು ನಿಂತಾಗ ಮೊಬೈಲ್ ಬಡಿದುಕೊಂಡಿತು. ಮಾಲ್ಮೋ ಅಲ್ಲಿಂದ ಇನ್ನು ಹತ್ತೋ ಹದಿನೈದೋ ನಿಮಿಷದ ದಾರಿ.

"ಕೇಕ್ ಮುಂದೇನೇ ಬಿದ್ದುಬಿಟ್ಳು, ಮೈ ಸುಡ್ತಾ ಇದೆ," ಎಂದಳು ಅನುರಾಧಾ. ಹಿಂದೆ ಮಕ್ಕಳ ಗಲಾಟೆ ನಿಂತುಹೋಗಿತ್ತು. "ಎಲ್ಲಿದೀಯ ನೀನು?"

ಅವನು ಹೇಳಿದ.

ಅವಳು ಬೈಯಲಿಲ್ಲ. ಅಳುತ್ತಿದ್ದಳೋ ಏನೋ, ಗೊತ್ತಾಗಲಿಲ್ಲ. "ವಾಪಸ್ ಹೋಗು, ಸುದರ್ಶನ್," ಎಂದಳು.

ಬಾಗಿಲು ಮುಚ್ಚುವ ಮೊದಲೇ ಇಳಿದು ಅವನು ಎದುರು ಪ್ಲಾಟ್‌ಫಾರ್ಮಿಗೆ ದಾಟಿದ. ಬಿಸಿಲಿತ್ತು, ಜನ ಐಸ್‌ಕ್ರೀಮ್ ತಿನ್ನುತ್ತಿದ್ದರು. ಸ್ಟಾಕ್‌ಹೋಮಿನ ರೈಲು ಬಂತು, ಕೂತ, ರೈಲು ಹೊರಟಿತು. ಊರು ದಾಟಿ ಹೊಲಗಳು ಬಂದಾಗ ಮೆಸೇಜ್ ಬಂತು: ಜ್ವರ ಇಳೀತಾ ಇದೆ, ಕಣ್ಣು ಬಿಟ್ಳು.