ಜರಿ ತಿರುವಿನಲ್ಲಿ ಬಿಚ್ಚಿಕೊಂಡ ಗವಸು

ಗುಲಾಬಿ ಹರಿಕಂತ್ರ ಗುಂಡಿ ಒತ್ತಿದಳು. ಬೈಕು ಮಿಸುಕಲಿಲ್ಲ. ಎಡಗೈ ಗವಸಿನ ಬೆನ್ನ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ಒಳಗಿನಿಂದ ನಯವಾದ ದನಿಯೊಂದು ಹೇಳಿತು: "ಸವಾರರ ಕೈ ಮರಗಟ್ಟಿದೆ. ಚಾಲನೆ ಸುರಕ್ಷಿತವಲ್ಲ. ದಯವಿಟ್ಟು ವಿಶ್ರಾಂತಿ ಪಡೆಯಿರಿ."

"ನೀನೇ ತಕೋ ವಿಶ್ರಾಂತಿ," ಎಂದಳು ಗುಲಾಬಿ.

ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿ ಎರಡು ಬುಟ್ಟಿ ಬಂಗಡೆ, ಅರ್ಧ ಬುಟ್ಟಿ ಶೆಟ್ಲಿ ಸಿಗಡಿ. ಮೇಲೆ ಹಾಸಿದ ಬರ್ಫ ಕರಗಲು ಶುರುವಾಗಿತ್ತು. ಕರಿಬಂಡೆ ಘಾಟಿಯ ಗೇಟಿನಲ್ಲಿ ಗವಸು ಅವಳನ್ನು ತಡೆದದ್ದು ಇದು ಮೂರನೆಯ ಸಲ. ಮೂರು ಸಲ ತಡೆದರೆ ಘಾಟಿ ಹತ್ತುವ ಪರವಾನಗಿಯೇ ರದ್ದು. ಮೂವತ್ತು ವರ್ಷ ಘಾಟಿಯ ಮೇಲಿನ ಊರುಗಳಿಗೆ ಮೀನು ಹೊತ್ತ ಹೆಂಗಸು ಇನ್ನು ಮನೆಯಲ್ಲಿ ಕೂರಬೇಕಿತ್ತು.

ಆ ಗವಸಿಗೆ 'ಋತುಗವಸು' ಎಂದು ಹೆಸರು. ಅದು ಹುಟ್ಟಿದ್ದೇ ಇಂಥ ಘಾಟಿಗಳಿಗಾಗಿ. ಕೆಳಗೆ ಕಡಲ ತೀರದ ಸುಡುಬಿಸಿಲು, ನಡುವೆ ಮಳೆ, ಮೇಲೆ ಮಂಜು. ಒಂದೂವರೆ ತಾಸಿನ ದಾರಿಯಲ್ಲಿ ಮೂರು ಹವೆ. ಬಿಸಿಲಿಗೆಂದು ಹಾಕಿದ ಗವಸು ಮಳೆಯಲ್ಲಿ ನೆನೆದು ಬ್ರೇಕಿನ ಮೇಲೆ ಜಾರುತ್ತಿತ್ತು. ಮಳೆಯ ಗವಸು ಬಿಸಿಲಿನಲ್ಲಿ ಕೈಯನ್ನು ಬೇಯಿಸುತ್ತಿತ್ತು. ಬೇಸತ್ತು ಬರಿಗೈಯಲ್ಲಿ ಹೋದವರು ಬಿದ್ದಾಗ ಅಂಗೈಯ ಚರ್ಮ ಡಾಂಬರಿನ ಪಾಲಾಗುತ್ತಿತ್ತು. ಋತುಗವಸಿನ ಪದರಗಳು ಸೆಕೆಗೆ ರಂಧ್ರ ತೆರೆಯುತ್ತಿದ್ದವು, ಮಳೆಗೆ ಮುಚ್ಚುತ್ತಿದ್ದವು, ಚಳಿಗೆ ತಾವೇ ಬೆಚ್ಚಗಾಗುತ್ತಿದ್ದವು. ಗೆಣ್ಣುಗಳ ಮೇಲಿದ್ದ 'ಆಘಾತಘನ' ಎಂಬ ಅಂಟುದ್ರವ ಸವಾರ ಬಿದ್ದ ಕ್ಷಣದಲ್ಲೇ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ಅದನ್ನು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಘಾಟಿ ರಸ್ತೆ ಮಂಡಳಿಯವರು, ಗವಸು ಒಪ್ಪಿದರೆ ಮಾತ್ರ ಬೈಕು ಚಾಲೂ ಆಗಬೇಕು ಎಂದು ಕಾನೂನು ಮಾಡಿಬಿಟ್ಟರು. ಕೈಯನ್ನು ಕಾಯಲು ಬಂದದ್ದು ಕೈಯ ಮೇಲೆ ಯಜಮಾನಿಕೆ ಶುರುಮಾಡಿತು.

ಒಂದೇ ಸವಾರಳನ್ನು ಗವಸು ಮತ್ತೆ ಮತ್ತೆ ತಡೆಯುವುದೇಕೆಂದು ನೋಡಲು ಅದನ್ನು ರೂಪಿಸಿದ ವಿಜ್ಞಾನಿ ಡಾ. ಮೈತ್ರೇಯಿ ಶಾನಭಾಗ ಅಂದು ಗೇಟಿಗೇ ಬಂದಿದ್ದಳು. ಗವಸು ಕಳಚಿಸಿ, ಗುಲಾಬಿಯ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಚರ್ಮ ದಪ್ಪವಾಗಿ, ತಣ್ಣಗಿತ್ತು; ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಕಿರುಬೆರಳು ಸೊಟ್ಟಗಿತ್ತು.

"ಗುಲಾಬಕ್ಕ, ಗವಸಿನೊಳಗೆ ಸ್ಪರ್ಶಗ್ರಾಹಿಗಳಿವೆ. ಕೈಯ ಬಿಸಿ, ಬೆವರು, ನಾಡಿ ಎಲ್ಲ ಅಳೆಯುತ್ತವೆ. ನಿಮ್ಮ ಕೈ ಎಷ್ಟು ತಣ್ಣಗಿದೆ ಅಂದರೆ, ರಕ್ತ ಸರಿಯಾಗಿ ಓಡುತ್ತಿಲ್ಲ ಅಂತ ಅದು ತಿಳಿಯುತ್ತದೆ. ಮೂರು ತಿಂಗಳು ಚಿಕಿತ್ಸೆ ತಗೊಂಡರೆ..."

"ಎಂತ ಚಿಕಿತ್ಸೆ, ಅಕ್ಕೋರೆ? ಇದು ಸೀಕು ಬಿದ್ದ ಕೈ ಅಲ್ಲ. ಬೆಳಿಗ್ಗೆ ನಾಕು ಗಂಟೆಯಿಂದ ಬರ್ಫದಲ್ಲಿ ಮೀನು ಆರಿಸಿದ ಕೈ. ಹೀಂಗೇ ಇರ್ತದೆ."

"ಗವಸು ಎಂಟುನೂರು ಜನರ ಕೈಯಿಂದ ಕಲಿತಿದೆ."

"ಹೌದಾ? ಆ ಎಂಟುನೂರರಲ್ಲಿ ಬರ್ಫ ಹಿಡಿದ ಕೈ ಎಷ್ಟು? ಗಾರೆ ಕಲಸಿದ್ದು ಎಷ್ಟು? ಹೇಳಿ ಕಾಂಬ."

ಮೈತ್ರೇಯಿ ಮನಸ್ಸಿನಲ್ಲೇ ಪಟ್ಟಿಯನ್ನು ತಿರುವಿಹಾಕಿದಳು. ಎಂಟುನೂರು ಕೈಗಳೂ ಸಂಶೋಧನಾ ಕೇಂದ್ರದ ನೌಕರರವು, ವಿದ್ಯಾರ್ಥಿಗಳವು. ಪೆನ್ನು ಹಿಡಿದು ಬೆಚ್ಚಗಿದ್ದ ಕೈಗಳು.

ಗೇಟಿನ ಅಧಿಕಾರಿ ಪಟಗಾರರು ಗಡಿಯಾರ ನೋಡಿಕೊಂಡರು. "ಮೂರನೇ ಸಲ ಆಯ್ತಲ್ಲ, ಮೇಡಂ. ರದ್ದು ಅಂತ ಬರೆದುಬಿಡ್ತೇನೆ."

"ಬರೀರಿ ನೋಡ್ವ!" ಗುಲಾಬಿ ಸೊಂಟಕ್ಕೆ ಸೆರಗು ಬಿಗಿದಳು. "ಈ ಗೇಟಿನ ಎದುರೇ ಬೈಕು ಅಡ್ಡ ನಿಲ್ಲಿಸಿ ಕೂಕಣ್ತೆ. ಮೀನು ಕೊಳೆತು ನಾರಲಿ. ನಿಮ್ಮ ಆಫೀಸಿನೊಳಗೇ ನಾರಲಿ. ಅಕ್ಕೋರೆ, ನಿಮ್ಮ ಗವಸಿಗೆ ನನ್ನ ಕೈ ಗೊತ್ತಿಲ್ಲ ಅಂದ್ರೆ ಕಲಿಸಿ. ನಾನೇಕೆ ಬದಲಾಗಬೇಕು?"

ಆ ಮಾತು ಮೈತ್ರೇಯಿಗೆ ನಾಟಿತು. ಚೀಲದಿಂದ ಎರಡು 'ಕಲಿಕಾ ಕಡಗ' ತೆಗೆದು ಗುಲಾಬಿಯ ಮಣಿಕಟ್ಟುಗಳಿಗೆ ತೊಡಿಸಿದಳು. ಕೈ ಮಾಡುವುದನ್ನೆಲ್ಲ ದಾಖಲಿಸಿ ಗವಸಿಗೆ ಪಾಠ ಮಾಡುವ ಸಾಧನ ಅದು. ಬೈಕಿನ ಬೀಗ ಬಿಡಿಸಿ, ತಾನೇ ಹಿಂದೆ ಕುಳಿತಳು. ಪಟಗಾರರ ಪೆನ್ನು ಅರ್ಧಕ್ಕೆ ನಿಂತಿತು.

ಗುಲಾಬಿಯ ಹತ್ತಿರ ಅವಳವೇ ಮೂರು ಜೊತೆ ಗವಸುಗಳಿದ್ದವು. ಬಿಸಿಲಿಗೆ ತುದಿ ಕತ್ತರಿಸಿದ ನೂಲಿನದು. ಮಳೆಗೆ ಉಣ್ಣೆಯದರ ಮೇಲೆ ಪಾತ್ರೆ ತೊಳೆಯುವ ಹಳದಿ ರಬ್ಬರಿನದು. ಮಂಜಿಗೆ ಹಳೆಯ ಚರ್ಮದ್ದು. ಅದರ ಗೆಣ್ಣುಗಳ ಮೇಲೆ ಟೈರಿನ ತುಂಡು ಹೊಲಿದಿತ್ತು. ನಾಲ್ಕನೆಯ ತಿರುವಿನಲ್ಲಿ ಹನಿ ಬೀಳುವ ಮೊದಲೇ ಅವಳು ರಬ್ಬರಿಗೆ ಬದಲಿಸಿದಳು. ನಿಮಿಷದಲ್ಲಿ ಮಳೆ ಸುರಿಯಿತು.

ಒಂಬತ್ತನೆಯದು ಜರಿ ತಿರುವು. ಅಲ್ಲಿ ಬಂಡೆಯ ಮೇಲಿಂದ ಸಣ್ಣ ಜರಿಯೊಂದು ರಸ್ತೆಯ ಬದಿಗೆ ಇಳಿಯುತ್ತದೆ. ಗುಲಾಬಿ ಬೈಕು ನಿಲ್ಲಿಸಿ, ಗವಸುಗಳನ್ನು ಪೂರ್ತಿ ಕಳಚಿ, ಎರಡೂ ಅಂಗೈಗಳನ್ನು ನೀರಿಗೆ ಒಡ್ಡಿ ಕಣ್ಣು ಮುಚ್ಚಿದಳು.

"ಏನು ಮಾಡುತ್ತಿದ್ದೀರಿ?"

"ನೀರು ಬೆಚ್ಚಗಿದ್ರೆ ಮೇಲೆ ಬಿಸಿಲು. ಕೊರೀತಾ ಇದ್ರೆ ಮಂಜು. ಬೆರಳ ಸಂದಿಗೆ ಮರಳು ಸಿಕ್ತಾ, ಗುಡ್ಡ ಸಡಿಲ ಆಗಿದೆ, ತಿರುಗಿ ಹೋಗೂದೆ. ಯಾವ ಗವಸು ಹಾಕಬೇಕು ಅಂತ ಬರಿಗೈಯೇ ಹೇಳಬೇಕು, ಅಕ್ಕೋರೆ. ಒಂದ್ಸಲ ಅವಸರದಲ್ಲಿ ನಿಲ್ಲದೆ ಹೋದೆ." ಸೊಟ್ಟ ಕಿರುಬೆರಳನ್ನು ಎತ್ತಿ ತೋರಿಸಿದಳು. "ಇದು ಅದರದ್ದು. ಈ ನಮೂನಿ ಕೈಗೆ ಮಾತ್ರ ಏನೂ ಗೊತ್ತಾಗೂದಿಲ್ಲ ಅಂತ ಹೇಳ್ತದಲ್ಲ ನಿಮ್ಮ ಯಂತ್ರ!"

ಮೈತ್ರೇಯಿಯೂ ಕೈ ಒಡ್ಡಿದಳು. ಅವಳಿಗೆ ತಿಳಿದದ್ದು ಚಳಿ ಒಂದೇ. ಗುಲಾಬಿ ನಗುತ್ತ ಚರ್ಮದ ಗವಸು ಏರಿಸಿಕೊಂಡಳು. ಮೇಲೆ ಹೋದಾಗ ಮಂಜು ದಟ್ಟವಾಗಿ ಮುಸುಕಿತ್ತು.

ಪರವಾನಗಿ ಉಳಿಯಿತು. ಕಡಗದ ಪಾಠ ವಾರದೊಳಗೆ ಸಾವಿರಾರು ಋತುಗವಸುಗಳಿಗೆ ರವಾನೆಯಾಯಿತು. ಗುಲಾಬಿಯ ಕೈಯನ್ನೂ ಗವಸು ಮರುಮಾತಿಲ್ಲದೆ ಒಪ್ಪಿತು. ಅವಳು ಕಾನೂನಿಗೆಂದು ಅದನ್ನು ತೊಟ್ಟು, ಹಳೆಯ ಮೂರು ಜೊತೆಗಳನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಳು.

ಸೋಮವಾರ ಬೆಳಿಗ್ಗೆ ಯಾರೂ ಎಣಿಸದ್ದು ನಡೆಯಿತು. ಜರಿ ತಿರುವಿಗೆ ಬಂದ ಪ್ರತಿಯೊಂದು ಬೈಕೂ ತಾನಾಗಿ ನಿಧಾನಿಸಿ ನಿಂತಿತು. ಗವಸುಗಳು ಮಣಿಕಟ್ಟಿನಲ್ಲಿ ಸಡಿಲಗೊಂಡು ಬಿಚ್ಚಿಕೊಂಡವು. ಬರಿಗೈಯಾಗುವುದೂ ಕೈಯನ್ನು ಕಾಯುವ ಒಂದು ಬಗೆ ಎಂದು ಗವಸು ಕಲಿತುಬಿಟ್ಟಿತ್ತು. ಆದರೆ ನೀರಿನಲ್ಲಿ ಏನನ್ನು ಹುಡುಕಬೇಕು ಎಂಬುದು ಮಾತ್ರ ಅದಕ್ಕೆ ತಿಳಿದಿರಲಿಲ್ಲ.

ಮಂಡಳಿ ಕಿಡಿಕಿಡಿಯಾಯಿತು. ಪಾಠವನ್ನು ಕೂಡಲೇ ಅಳಿಸಬೇಕೆಂದು ಆದೇಶ ಬಂತು. ಅಳಿಸುವ ಮೊದಲು ಕಣ್ಣಾರೆ ನೋಡೋಣವೆಂದು ಮರುದಿನ ಮೈತ್ರೇಯಿ ತಿರುವಿಗೆ ಹೋದಳು. ನಲವತ್ತು ಬೈಕುಗಳು ಸಾಲಾಗಿ ನಿಂತಿದ್ದವು. ಗುಲಾಬಿ ಒಬ್ಬೊಬ್ಬರ ಕೈಯನ್ನೂ ಜರಿಗೆ ಎಳೆದು, ಮೇಷ್ಟರಂತೆ ಪ್ರಶ್ನೆ ಕೇಳುತ್ತಿದ್ದಳು. ಬ್ಯಾಂಕಿನ ಗುಮಾಸ್ತನೊಬ್ಬ ಬೆಚ್ಚಗಿದೆ ಎಂದು ವಾದಿಸಿ ಬೈಸಿಕೊಂಡ. ಮೈತ್ರೇಯಿ ತಾನೂ ಅಂಗೈ ಒಡ್ಡಿ ನಿಂತಳು. ಅಷ್ಟರಲ್ಲಿ ಅವಳ ಕಿವಿಯ ಫೋನಿನಲ್ಲಿ ಪಟಗಾರರು ಕೂಗಿದರು.

"ಅಳಿಸಿದ್ರಾ ಮೇಡಂ? ಗವಸು ಕೈಯಲ್ಲಿರಬೇಕು ಅಂತ ಕಾನೂನು!"

"ಇಲ್ಲ. ಅಳಿಸುವುದೂ ಇಲ್ಲ. ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಯಲಿ." ಹೇಳುತ್ತಲೇ ಕೈಯನ್ನು ಜರಿಯಿಂದ ಹಿಂದೆಳೆದಳು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದಳು. ಸಣ್ಣಗೆ ಏನೋ ಒತ್ತುತ್ತಿತ್ತು. "ಗುಲಾಬಕ್ಕ, ಇದು ಮರಳಾ?"

ಗುಲಾಬಿ ನೀರಿಗೆ ಕೈ ಹಾಕಿದಳು. ಅವಳ ಮುಖದ ನಗೆ ಹೋಯಿತು. "ತಿರುಗಿಸಿ! ಎಲ್ಲರೂ ಕೆಳಗೆ!"

ಎಲ್ಲರೂ ಗವಸು ತೊಟ್ಟರು. ನಲವತ್ತು ಗವಸುಗಳಲ್ಲೂ ಹಸಿರು ದೀಪ ಹೊತ್ತಿತು. "ಹವೆ ಅನುಕೂಲಕರವಾಗಿದೆ. ಮುಂದೆ ಸಾಗಿ," ಎಂದವು. ಒಬ್ಬನೂ ಕೇಳಲಿಲ್ಲ. ಮೇಲಿನಿಂದ ಇಳಿದು ಬರುವವರನ್ನು ತಡೆಯುವಂತೆ ಮೈತ್ರೇಯಿ ಘಾಟಿಯ ಮೇಲ್ತುದಿಯ ಗೇಟಿಗೆ ಫೋನಿನಲ್ಲಿ ಹೇಳಿದಳು. ಬೈಕುಗಳೆಲ್ಲ ಕೆಳಮುಖವಾಗಿ ಹೊರಟವು.

ಹನ್ನೊಂದು ಗಂಟೆಗೆ ಹತ್ತನೆಯ ತಿರುವಿನಲ್ಲಿ ಗುಡ್ಡ ರಸ್ತೆಗೆ ಇಳಿಯಿತು. ಅಲ್ಲಿ ಯಾರೂ ಇರಲಿಲ್ಲ.

ಕೆಳಗಿನ ಗೇಟಿನಲ್ಲಿ ಗುಲಾಬಿ ಪೆಟ್ಟಿಗೆ ತೆರೆದು, ಅಲ್ಲಿಯೇ ವ್ಯಾಪಾರಕ್ಕೆ ಕುಳಿತಳು. ಸುದ್ದಿ ಕೇಳಿದ ಪಟಗಾರರು ಬಹಳ ಹೊತ್ತು ದೂರ ನಿಂತಿದ್ದು, ಕೊನೆಗೆ ಹತ್ತಿರ ಬಂದರು. ಕಾನೂನಿನಂತೆ ತಾವೂ ತೊಟ್ಟಿದ್ದ ಋತುಗವಸಿನ ಬೆರಳಿನಿಂದ ಒಂದು ಬಂಗಡೆಯನ್ನು ಒತ್ತಿದರು.

"ತಾಜಾ ಉಂಟಾ?"

ಗುಲಾಬಿ ಮೀನನ್ನು ಹಿಂದಕ್ಕೆ ಎಳೆದುಕೊಂಡಳು. "ಗವಸು ತೆಗೀರಿ ಮೊದಲು. ಆಮೇಲೆ ಮುಟ್ಟಿ."

ಪಟಗಾರರು ಸುತ್ತ ನಿಂತ ನಲವತ್ತು ಜನರನ್ನು ಒಮ್ಮೆ ನೋಡಿ, ಗವಸು ತೆಗೆದರು.