ಹಿರಿಯ ಅಳಿಯನ ರಿಪೇರಿ

ಹಾರನಹಳ್ಳಿಯ ಕೆಂಚಪ್ಪನವರಿಗೆ ಇಬ್ಬರು ಅಳಿಯಂದಿರು. ಹಿರಿಯವನು ಶಿವಪ್ರಕಾಶ್, ಅರಸೀಕೆರೆಯ ಐಟಿಐ ಒಂದರಲ್ಲಿ ಹುಡುಗರಿಗೆ ಎಂಜಿನ್ ಪಾಠ ಹೇಳುವವನು. ಕಿರಿಯವನು ಮಂಜುನಾಥ, ಹಾರನಹಳ್ಳಿಯಲ್ಲೇ ಗೊಬ್ಬರದ ಅಂಗಡಿ ಇಟ್ಟವನು. ಎಂಜಿನ್ ಬಾನೆಟ್ಟಿನ ಕೆಳಗಿರುತ್ತದೆ ಎಂಬುದರಾಚೆ ಅವನಿಗೆ ಏನೂ ತಿಳಿಯದು. ಇಂಥವನ ಕೈಗೆ ಮಾವ ಮನೆಮಂದಿಯೆಲ್ಲ ಕೂರುವ ಹೊಸ ಎಸ್‌ಯುವಿಯ ಕೀಲಿ ಕೊಟ್ಟು, "ಗಾಡಿ ಇವರ ತಾವೇ ಇರ್ಲಿ, ನಿಧಾನಕ್ಕೆ ಓಡಿಸ್ತಾರೆ" ಅಂದುಬಿಟ್ಟಿದ್ದರು. ಶಿವಪ್ರಕಾಶನ ಹೊಟ್ಟೆಗೆ ಬೆಂಕಿ ಬಿತ್ತು. ಆದರೆ ಓದಿಕೊಂಡವರಿಗೆ ಹೊಟ್ಟೆಕಿಚ್ಚು ಇರಬಾರದಲ್ಲ, ಅದಕ್ಕೆ ಅವನು ನ್ಯಾಯ ಎಂದು ಹೆಸರಿಟ್ಟುಕೊಂಡ.

ಗಾಡಿ ಕದಿಯುವುದು ದಡ್ಡರ ಕೆಲಸ. ಮಾವನೇ ಕರೆದು ಕೊಡುವಂತೆ ಮಾಡಬೇಕು. ಎಂಜಿನ್ನಿನಲ್ಲಿ ಹೆಬ್ಬೆರಳ ಗಾತ್ರದ ಒಂದು ಹಿತ್ತಾಳೆ ಸೆನ್ಸರ್ ಇರುತ್ತದೆ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಕಂಪ್ಯೂಟರಿಗೆ ಚಾಡಿ ಹೇಳುವುದೇ ಅದರ ಉದ್ಯೋಗ. ಅದೇನಾದರೂ "ಇನ್ನೂ ಚಳಿ, ಇನ್ನೂ ಚಳಿ" ಎಂದು ಸುಳ್ಳು ಹೇಳುತ್ತಿದ್ದರೆ ಕಂಪ್ಯೂಟರ್ ಪಾಪ, ನಂಬಿಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅಂಥ ಸುಳ್ಳುಬುರುಕ ಸೆನ್ಸರ್ ಒಂದನ್ನು ಅವನು ಗುಜರಿಯಲ್ಲಿ ಹುಡುಕಿ ತಂದ. ಪೂರ್ತಿ ಸತ್ತಿರದ ಕಾರಣ ಗ್ಯಾರೇಜಿನ ಸ್ಕ್ಯಾನರ್ ತಪ್ಪೇನೂ ತೋರಿಸದು. ಚಳಿಯೆಂದು ನಂಬಿದ ಕಂಪ್ಯೂಟರ್ ತಣಿಸುವ ಫ್ಯಾನನ್ನೂ ತಿರುಗಿಸದೆ ಎಂಜಿನ್ ಕಾದು ಕೆಟ್ಟೀತೇ ಎಂದೂ ಯೋಚಿಸಿದ. ಏಸಿ ಹಾಕಿದರೆ ಫ್ಯಾನ್ ಹೇಗೂ ತಿರುಗುತ್ತದೆ, ಮಾವನೋ ಏಸಿ ಇಲ್ಲದೆ ಕೂರುವವರಲ್ಲ. ನಾಳೆ ತನ್ನದಾಗುವ ಗಾಡಿಯ ಮೇಲೆ ಅಷ್ಟಾದರೂ ಅಕ್ಕರೆ ಬೇಡವೇ?

ಅರಸೀಕೆರೆಯಲ್ಲಿ ನೆಂಟರ ಮದುವೆ. ಬೆಳಿಗ್ಗೆಯಿಂದ ನಿಂತಿದ್ದ ಗಾಡಿ ತಣ್ಣಗಾಗಿತ್ತು. ಎಲ್ಲರೂ ಊಟಕ್ಕೆ ಕೂತಾಗ ಛತ್ರಿ ತರುವ ನೆಪದಲ್ಲಿ ಕೀಲಿ ಇಸಿದುಕೊಂಡು ಹೋಗಿ, ಸೆನ್ಸರ್ ಬದಲಿಸಿ, ಹೋಳಿಗೆ ಬಡಿಸುವ ಹೊತ್ತಿಗೆ ಬಂದು ಎಲೆ ಮುಂದೆ ಕೂತ.

ಜೇಬಿಗಿಳಿದ ಅಸಲಿ ಸೆನ್ಸರಿನ ಮೇಲೆ ಒಂದು ಕುಂಕುಮದ ಬೊಟ್ಟಿತ್ತು. ಅತ್ತೆ ಅನುಸೂಯಮ್ಮ ಕಳೆದ ಆಯುಧಪೂಜೆಯಂದು ಬಾನೆಟ್ ಎತ್ತಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬೆರಳು ತಾಗುವ ಪ್ರತಿಯೊಂದು ಸಾಮಾನಿಗೂ ಹಚ್ಚಿದ್ದರು. ಟಾರ್ಚ್ ಹಿಡಿದು ಒಳಗೊಳಗೇ ನಕ್ಕವನು ಶಿವಪ್ರಕಾಶನೇ. ಈಗ ಇದೇ ಸೆನ್ಸರನ್ನು ಮುಂದೊಂದು ದಿನ ಹೊಸದೆಂದು ತೋರಿಸಬೇಕು. ಸಾಧಾರಣ ಕಳ್ಳರು ಇಂಥ ಕಡೆಯೇ ಸಿಕ್ಕಿಬೀಳುವುದು! ಅವನು ಮನೆಯಲ್ಲಿ ಕದ ಹಾಕಿಕೊಂಡು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬೊಟ್ಟಿನ ಗುರುತೂ ಉಳಿಯದಂತೆ ತಿಕ್ಕಿ, ಹೊಳೆಯುವ ಹಿತ್ತಾಳೆಯನ್ನು ಹೊಸ ಡಬ್ಬಿಯಲ್ಲಿಟ್ಟ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಗಾಡಿ ಕಪ್ಪು ಹೊಗೆ ಉಗುಳತೊಡಗಿತು. ಒಳಗೆ ಕೂತರೆ ಪೆಟ್ರೋಲ್ ವಾಸನೆ. ಗ್ಯಾರೇಜಿನ ಪುಟ್ಟರಾಜು ಏರ್ ಫಿಲ್ಟರ್ ಬದಲಿಸಿದ, ಮಸಿ ಹಿಡಿದ ಪ್ಲಗ್ಗುಗಳನ್ನೂ ಬದಲಿಸಿದ, ಕೊನೆಗೆ ತಲೆ ಕೆರೆದುಕೊಂಡ. "ಎಂಜಿನ್ ರಿಚ್ ಓಡ್ತಾ ಐತೆ ಯಜಮಾನ್ರೇ."

"ನಮ್ಮನೆಗೆ ಬಂದ್ಮೇಲೆ ರಿಚ್ಚಾಗ್ದೆ ಇನ್ನೇನಾಗುತ್ಲಾ?" ಎಂದು ಕೆಂಚಪ್ಪನವರು ಮೀಸೆ ತೀಡಿದರು. ಹಾಗೆಂದರೆ ಗಾಡಿ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ ಎಂದು ತಿಳಿದ ಮೇಲೆ ಮೀಸೆ ಇಳಿಯಿತು.

ಆಗ ಶಿವಪ್ರಕಾಶ್ ಮಾವನ ಪಕ್ಕ ಕೂತು, ಬಹಳ ನೊಂದವನಂತೆ ಹೇಳಿದ. "ಹೇಳ್ಬಾರ್ದು ಮಾವ. ಆದ್ರೆ ಪೆಟ್ರೋಲೆಲ್ಲಾ ಎಂಜಿನ್ನೇ ಕುಡೀತೈತೆ ಅಂತ ಏನು ಗ್ಯಾರಂಟಿ?"

ಅಷ್ಟು ಸಾಕಾಯಿತು. ಮಾವ ಕಿರಿಯ ಅಳಿಯನ ಜೊತೆ ಮಾತು ಬಿಟ್ಟರು. ಮಂಜುನಾಥನ ಹೆಂಡತಿ ಹೇಮಾಶ್ರೀ ತವರಿನ ಅಡಿಗೆಮನೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಂಜುನಾಥ ಕೀಲಿ ತಂದು ಮಾವನ ಮುಂದಿಟ್ಟ. "ಒಂದು ತೊಟ್ಟು ಪೆಟ್ರೋಲ್ ಕದ್ದಿದ್ರೆ ನನ್ ಕೈ ಸೇದೋಗ್ಲಿ ಮಾವ" ಎಂದ. ಶಿವಪ್ರಕಾಶನಿಗೆ ಷಡ್ಡಕನ ಮೇಲೆ ನಿಜಕ್ಕೂ ಕನಿಕರ ಬಂತು. ಗೆದ್ದವರಿಗೆ ಬರುವಂಥ ಸುಖವಾದ ಕನಿಕರ ಅದು.

"ಈ ದರಿದ್ರ ಹೊಗೇನ ಯಾರು ನಿಲ್ಲಿಸ್ತಾರೋ ಗಾಡಿ ಅವರ್ದೇ" ಎಂದು ಮಾವ ಸಿಟ್ಟಿನಲ್ಲಿ ಸಾರಿದರು.

ಬೇಲೂರಿನಲ್ಲೊಂದು ಗೃಹಪ್ರವೇಶಕ್ಕೆ ಮನೆಮಂದಿಯೆಲ್ಲ ಹೊರಟ ದಿನ ಶಿವಪ್ರಕಾಶನೇ ಗಾಡಿ ಓಡಿಸಿದ. ಹಳೇಬೀಡಿನ ಕೆರೆ ಏರಿಯ ಹತ್ತಿರ ನಿಲ್ಲಿಸಿ, ಮುಖ ಗಂಟಿಕ್ಕಿ, ಬಾನೆಟ್ ಎತ್ತಿದ. ಎಂಜಿನ್ ಆರುವ ತನಕ ಎಲ್ಲರೂ ಮರದಡಿ ಚಿತ್ರಾನ್ನ ತಿಂದರು. ಆಮೇಲೆ ಅವನು ಪೈಪುಗಳಿಗೆ ಕಿವಿಗೊಟ್ಟ, ಕಣ್ಣು ಮುಚ್ಚಿ ಯೋಚಿಸಿದ, ಪಾಠವನ್ನೂ ಮಾಡಿದ. "ಮಾವ, ಇದೇ ಸೆನ್ಸರ್ ಕಣ್ರೀ ಕಳ್ಳ. ಗಾಡಿ ಜೊತೆ ಬಂದಿದ್ದು ಕೆಟ್ಟೋಗೈತೆ. ನಂಗೆ ಅನುಮಾನ ಇತ್ತು, ಬೆಂಗ್ಳೂರಿಂದ ಹೊಸದು ತರಿಸಿದೀನಿ." ಡಬ್ಬಿ ಬಿಚ್ಚಿ ಹೊಸದನ್ನು ಕೂರಿಸಿ, ಹಳೆಯದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಗಾಡಿ ಚಾಲೂ ಮಾಡಿದ. ಒಂದಿಷ್ಟು ಕೆಮ್ಮಿ, ಕಾದ ಮೇಲೆ ಹೊಗೆ ನಿಂತಿತು. ಮಾವನ ಕಣ್ಣು ತುಂಬಿತು. "ಓದಿರೋರು ಓದಿರೋರೇ. ಕೀಲಿ ಇನ್ಮೇಲೆ ನಿಮ್ಮ ತಾವೇ ಇರ್ಲಿ ಅಳಿಯಂದ್ರೇ!"

ಶಿವಪ್ರಕಾಶ್ ವಿನಯದಿಂದ ತಲೆ ಬಾಗಿಸಿ, ಹಳೆಯ ಸೆನ್ಸರನ್ನು ಕೆರೆಯ ಕಡೆಯ ಪೊದೆಗೆ ಎಸೆಯಲು ಕೈ ಎತ್ತಿದ. "ಅಯ್ಯೋ, ಎಸೀಬ್ಯಾಡಿ" ಎಂದು ಅನುಸೂಯಮ್ಮ ಓಡಿಬಂದರು. "ಪೂಜೆ ಆಗಿರೋ ಸಾಮಾನು, ತುಳಿಯೋ ಕಡೆ ಬೀಳಬಾರ್ದು. ಕೊಡಿ, ನೀರಿಗೆ ಬಿಡ್ತೀನಿ." ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿಕೊಳ್ಳಲು ಬೊಟ್ಟು ಹುಡುಕಿದರು. ಹಿಂದೆ ಮುಂದೆ ತಿರುಗಿಸಿದರು. ಬಾನೆಟ್ಟಿನೊಳಗೆ ಬಗ್ಗಿ ನೋಡಿದರು. ಬ್ಯಾಟರಿಗೆ ಬೊಟ್ಟಿತ್ತು, ಪೈಪಿಗೆ ಬೊಟ್ಟಿತ್ತು, ಮುಚ್ಚಳಕ್ಕೂ ಇತ್ತು. ಹೊಸದಾಗಬೇಕಾದ್ದರ ಬೊಟ್ಟನ್ನು ಅಷ್ಟು ಜಾಣತನದಿಂದ ಅಳಿಸಿದವನಿಗೆ, ಹಳೆಯದಾಗಬೇಕಾದ್ದಕ್ಕೆ ಒಂದು ಬೊಟ್ಟಿಡಬೇಕೆಂದು ಹೊಳೆದೇ ಇರಲಿಲ್ಲ. "ನೀವೇ ಟಾರ್ಚ್ ಹಿಡಿದಿದ್ರಲ್ಲಪ್ಪಾ, ಇದಕ್ಕೂ ಇಟ್ಟಿದ್ದೆ" ಎಂದು ಅನುಸೂಯಮ್ಮ ಮೆಲ್ಲಗೆ ಅಳಿಯನ ಮುಖ ನೋಡಿದರು. "ಇದು ನಮ್ಮ ಗಾಡೀದಲ್ಲ. ನಮ್ದು ಎಲ್ಲೈತೆ ಅಳಿಯಂದ್ರೇ?"